ಭಾಗಶಃ ಮುಕ್ತ ಫೈಲ್ ಸಿಸ್ಟಂಗಳು: ಲೈಸೆನ್ಸಿನ ಗೆರೆ ಎಲ್ಲಿ ಬೀಳುತ್ತದೆ?



ವಿಜ್ಞಾನ ತಂತ್ರಜ್ಞಾನದ ವಿಷಯಗಳನ್ನು ಕನ್ನಡದಲ್ಲೇ ಚರ್ಚಿಸಬೇಕೆಂಬ ಆಶಯದಿಂದ ಈ ಉಪನ್ಯಾಸದ ದತ್ತಿಯನ್ನು ಇಡಲಾಗಿದೆ. ಆ ಆಶಯಕ್ಕೆ ತಲೆಬಾಗಿ ಮಾತು ಆರಂಭಿಸುತ್ತೇನೆ. ನಾನು ಎತ್ತಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಒಣ ಎನಿಸಬಹುದು: ಅಪಾರ ಪ್ರಮಾಣದ ಡೇಟಾವನ್ನು ಹತ್ತಾರು ಯಂತ್ರಗಳಲ್ಲಿ ಹಂಚಿಡುವ ತಂತ್ರಾಂಶಗಳು ಮತ್ತು ಅವುಗಳ ಲೈಸೆನ್ಸ್. ಆದರೆ ಇಂದು ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸುತ್ತದೆ, ಆಸ್ಪತ್ರೆ ಸ್ಕ್ಯಾನಿಂಗ್ ಚಿತ್ರಗಳನ್ನು ವರ್ಷಗಟ್ಟಲೆ ಕಾಪಿಡುತ್ತದೆ, ಹವಾಮಾನ ಸಂಶೋಧಕರು ದಿನವೂ ಹೊಸ ಲೆಕ್ಕಾಚಾರದ ರಾಶಿ ಹಾಕುತ್ತಾರೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಶುರುಮಾಡಿದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿಗೆ 4 ಪೆಟಾಬೈಟ್ ಸಂಗ್ರಹ ಬೇಕಾಯಿತು. ಅಷ್ಟನ್ನು ಒಂದು ಡಿಸ್ಕಿನಲ್ಲಿ, ಒಂದು ಸರ್ವರಿನಲ್ಲಿ ಇಡಲಾಗದು. ಹಾಗಾಗಿ ಹಂಚಿ ಇಡುವ ತಂತ್ರಾಂಶದ ಮೇಲೆ ನಾವೆಲ್ಲ ಅವಲಂಬಿತರು, ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ.

ಇಂಥ ತಂತ್ರಾಂಶಗಳಲ್ಲಿ ಕೆಲವು ಪೂರ್ತಿ ಮುಕ್ತ. ಕೆಲವು ಪೂರ್ತಿ ಖಾಸಗಿ. ಈ ಎರಡರ ನಡುವೆ ಒಂದು ದೊಡ್ಡ ಗುಂಪಿದೆ: ಒಂದು ಭಾಗ ಮುಕ್ತ, ಇನ್ನೊಂದು ಭಾಗಕ್ಕೆ ಕರಾರು. ನನ್ನ ಮಾತೆಲ್ಲ ಈ ನಡುವಿನ ಗುಂಪಿನ ಮೇಲೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಭಾಗ ಮುಕ್ತ ಎಂದು ಕೇಳುವುದು ಸಾಲದು, ಯಾವ ಭಾಗ ಎಂದು ಕೇಳಬೇಕು. ಏಕೆಂದರೆ ಬಹಳ ಕಡೆ ಲೈಸೆನ್ಸಿನ ಗೆರೆ ಬೀಳುವುದು ಯಂತ್ರ ಕೈಕೊಟ್ಟಾಗ ಡೇಟಾ ಉಳಿಯುತ್ತದೋ, ಕೈಗೆ ಸಿಗುತ್ತದೋ ಎಂಬ ಜಾಗದಲ್ಲೇ.

ಹಂಚಿಡುವುದು ಹೇಗೆ

ಕೆಲಸದ ಬಗೆ ತಿಳಿಯದೆ ಲೈಸೆನ್ಸ್ ಅರ್ಥವಾಗುವುದಿಲ್ಲ. ಒಂದು ಗ್ರಂಥಾಲಯವನ್ನು ಕಲ್ಪಿಸಿಕೊಳ್ಳಿ. ಕಪಾಟುಗಳಲ್ಲಿ ಪುಸ್ತಕಗಳಿವೆ, ಬಾಗಿಲ ಬಳಿ ಕ್ಯಾಟಲಾಗ್ ಪೆಟ್ಟಿಗೆಯಿದೆ. ಯಾವ ಪುಸ್ತಕ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂಬುದು ಆ ಪೆಟ್ಟಿಗೆಗೆ ಮಾತ್ರ ಗೊತ್ತು. ಫೈಲ್ ಸಿಸ್ಟಂಗಳಲ್ಲಿ ಕಪಾಟುಗಳ ಕೆಲಸವನ್ನು ಸ್ಟೋರೇಜ್ ಸರ್ವರುಗಳು ಮಾಡುತ್ತವೆ, ಕ್ಯಾಟಲಾಗಿನ ಕೆಲಸವನ್ನು ಮೆಟಾಡೇಟಾ ಸರ್ವರ್ ಮಾಡುತ್ತದೆ. ಒಂದು ದೊಡ್ಡ ಫೈಲನ್ನು ತುಂಡುಗಳಾಗಿ ಕತ್ತರಿಸಿ ಬೇರೆ ಬೇರೆ ಸರ್ವರುಗಳಲ್ಲಿ ಇಡುವುದರಿಂದ ಹತ್ತು ಸರ್ವರುಗಳು ಏಕಕಾಲಕ್ಕೆ ದುಡಿದು ವೇಗ ಹೆಚ್ಚುತ್ತದೆ. ತುಂಡುಗಳ ಪ್ರತಿಯನ್ನು ಇನ್ನೊಂದು ಸರ್ವರಿನಲ್ಲೂ ಇಟ್ಟರೆ ಒಂದು ಯಂತ್ರ ಸತ್ತರೂ ಡೇಟಾ ಉಳಿಯುತ್ತದೆ. ಇನ್ನು ಬಳಕೆದಾರನ ಕಂಪ್ಯೂಟರಿನಲ್ಲಿ ಕ್ಲೈಂಟ್ ಎಂಬ ಮೂರನೆಯ ಭಾಗ ಇರುತ್ತದೆ. ಇದೆಲ್ಲವೂ ಒಂದೇ ಡ್ರೈವ್ ಎಂಬಂತೆ ಅವನಿಗೆ ತೋರಿಸುವುದು ಅದರ ಕೆಲಸ.

ಕ್ಲೈಂಟ್, ಸ್ಟೋರೇಜ್, ಮೆಟಾಡೇಟಾ, ಇವುಗಳ ಜೊತೆಗೆ ಪ್ರತಿ ಮಾಡುವ ವ್ಯವಸ್ಥೆ. ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ. ಭಾಗಶಃ ಮುಕ್ತ ತಂತ್ರಾಂಶಗಳಲ್ಲಿ ಈ ನಾಲ್ಕಕ್ಕೂ ಒಂದೇ ಲೈಸೆನ್ಸ್ ಇರಬೇಕೆಂದೇನೂ ಇಲ್ಲ.

ಲೈಸೆನ್ಸ್ ಏನು ಹೇಳುತ್ತದೆ

ಬರೆದವನ ಅನುಮತಿ ಇಲ್ಲದೆ ಪ್ರತಿ ಮಾಡಬಾರದು, ತಿದ್ದಬಾರದು, ಹಂಚಬಾರದು. ಇದು ಹಕ್ಕುಸ್ವಾಮ್ಯದ ಮೂಲ ನಿಯಮ. ಲೈಸೆನ್ಸ್ ಎಂದರೆ ಆ ಅನುಮತಿಯ ಪತ್ರ. ಅದರಲ್ಲಿ ಬರೆದಷ್ಟೇ ನಮಗೆ ಸಿಕ್ಕಿದ್ದು, ಬರೆಯದ್ದು ಸಿಕ್ಕಿಲ್ಲ. ಸೋರ್ಸ್ ಕೋಡ್ ಕಣ್ಣಿಗೆ ಕಾಣುತ್ತಿದೆ ಎಂಬ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. 1998ರಲ್ಲಿ ಆರಂಭವಾದ ಓಪನ್ ಸೋರ್ಸ್ ಇನಿಷಿಯೇಟಿವ್ ಹತ್ತು ಷರತ್ತುಗಳ ವ್ಯಾಖ್ಯೆ ಕೊಟ್ಟಿದೆ. ಅದರಲ್ಲಿ ಐದನೆಯದು ವ್ಯಕ್ತಿಗಳ ನಡುವೆ ಭೇದ ಮಾಡಬಾರದು ಎನ್ನುತ್ತದೆ. ಆರನೆಯದು ಬಳಕೆಯ ಕ್ಷೇತ್ರಗಳ ನಡುವೆ ಭೇದ ಮಾಡಬಾರದು ಎನ್ನುತ್ತದೆ. ಸಂಶೋಧನೆಗೆ ಬಳಸಬಹುದು, ವ್ಯಾಪಾರಕ್ಕೆ ಬೇಡ ಎಂದು ಬರೆದ ತಕ್ಷಣ ಆ ಲೈಸೆನ್ಸ್ ಈ ವ್ಯಾಖ್ಯೆಯಿಂದ ಹೊರಗೆ.

ಒಳಗಿರುವ ಲೈಸೆನ್ಸ್‌ಗಳಲ್ಲೂ ಬಗೆಗಳಿವೆ. ಅಪಾಚೆ ಲೈಸೆನ್ಸ್ ಸಡಿಲ: ಕೋಡ್ ತೆಗೆದುಕೊಂಡು ನಿಮ್ಮ ಖಾಸಗಿ ಉತ್ಪನ್ನದೊಳಗೆ ಸೇರಿಸಿಕೊಳ್ಳಬಹುದು. ಜಿಪಿಎಲ್ ಬಿಗಿ: ತಿದ್ದಿದ ತಂತ್ರಾಂಶವನ್ನು ಇತರರಿಗೆ ಹಂಚಿದರೆ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. 2007ರಲ್ಲಿ ಬಂದ ಎಜಿಪಿಎಲ್ ಮೂರನೆಯ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ತಿದ್ದಿದ ತಂತ್ರಾಂಶವನ್ನು ಹಂಚದೆ ನೆಟ್‌ವರ್ಕ್ ಮೂಲಕ ಸೇವೆಯಾಗಿ ಕೊಟ್ಟರೂ, ಆ ಸೇವೆ ಬಳಸುವವರಿಗೆ ಸೋರ್ಸ್ ಸಿಗಬೇಕು ಎಂಬುದು ಅದರ ಷರತ್ತು.

ಇಲ್ಲಿ ಒಂದು ಭಯವನ್ನು ಕಳೆಯಬೇಕು. ಎಜಿಪಿಎಲ್ ತಂತ್ರಾಂಶದಲ್ಲಿ ದಾಖಲೆ ಇಟ್ಟರೆ ದಾಖಲೆಯೇ ಬಹಿರಂಗವಾಗಬೇಕಾಗುತ್ತದೆ ಎಂದು ಕಚೇರಿಗಳಲ್ಲಿ ಹೇಳುವವರಿದ್ದಾರೆ. ಅದು ತಪ್ಪು. ಲೈಸೆನ್ಸ್ ಅನ್ವಯಿಸುವುದು ತಂತ್ರಾಂಶಕ್ಕೆ. ಅದರಲ್ಲಿ ನೀವು ಇಡುವ ರೋಗಿಯ ಚೀಟಿ, ಹಸ್ತಪ್ರತಿಯ ಚಿತ್ರ, ಲೆಕ್ಕಪತ್ರ ಯಾವುದಕ್ಕೂ ಅದು ತಗಲುವುದಿಲ್ಲ. ತಿದ್ದದೆ ನಿಮ್ಮೊಳಗೇ ಬಳಸಿಕೊಂಡರೆ ನಿಮ್ಮ ಮೇಲೆ ಹೊರೆಯೇ ಇಲ್ಲ.

ಒಂದೇ ತಂತ್ರಾಂಶ, ಎರಡು ಲೈಸೆನ್ಸ್: ಬೀಜಿಎಫ್‌ಎಸ್

ಜರ್ಮನಿಯ ಕೈಸರ್ಸ್‌ಲಾಟರ್ನ್ ಊರಿನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯ ಕೈಗಾರಿಕಾ ಗಣಿತ ಕೇಂದ್ರವಿದೆ. ಅಲ್ಲಿ 2005ರ ಹೊತ್ತಿಗೆ ಒಂದು ಸಮಾನಾಂತರ ಫೈಲ್ ಸಿಸ್ಟಂ ಕೆಲಸ ಶುರುವಾಯಿತು. ಮೊದಲು ಅದಕ್ಕೆ ಫ್ರೌನ್‌ಹೋಫರ್ ಹೆಸರೇ ಇತ್ತು. 2014ರಲ್ಲಿ ಬೀಜಿಎಫ್‌ಎಸ್ ಎಂದು ಹೆಸರು ಬದಲಾಯಿತು, ಅದನ್ನು ನೋಡಿಕೊಳ್ಳಲು ಥಿಂಕ್‌ಪಾರ್ಕ್ಯೂ ಎಂಬ ಕಂಪನಿ ಹುಟ್ಟಿತು. 2016ರಲ್ಲಿ ಸೋರ್ಸ್ ಕೋಡ್ ಪ್ರಕಟವಾಯಿತು. ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕ್ಲಸ್ಟರುಗಳಲ್ಲಿ ಇದರ ಬಳಕೆ ವ್ಯಾಪಕ. ಸ್ಥಾಪಿಸುವುದು ಸುಲಭ, ವೇಗ ಚೆನ್ನಾಗಿದೆ, ಕೈಪಿಡಿ ಚೆನ್ನಾಗಿದೆ. ಇಷ್ಟನ್ನೂ ಒಪ್ಪಿ ಮುಂದೆ ಹೋಗೋಣ.

ಅದರ ಸೋರ್ಸ್ ಕೋಡನ್ನು ತೆರೆದರೆ ಲೈಸೆನ್ಸ್ ಫೈಲು ಎರಡು ದಾರಿ ತೋರಿಸುತ್ತದೆ. ಕ್ಲೈಂಟ್ ಭಾಗಕ್ಕೆ ಜಿಪಿಎಲ್ ಎರಡನೆಯ ಆವೃತ್ತಿ. ಸರ್ವರ್ ಭಾಗಗಳಿಗೆ ಕಂಪನಿಯದೇ ಆದ ಬಳಕೆದಾರ ಕರಾರು. ಓಪನ್ ಸೋರ್ಸ್ ಇನಿಷಿಯೇಟಿವ್ ಒಪ್ಪಿದ ಲೈಸೆನ್ಸ್‌ಗಳ ಪಟ್ಟಿಯಲ್ಲಿ ಆ ಕರಾರು ಇಲ್ಲ.

ಗೆರೆ ಅಲ್ಲೇ ಏಕೆ ಬಿತ್ತು? ಇದರ ಹಿಂದೆ ತಾಂತ್ರಿಕ ಕಾರಣವೊಂದಿದೆ. ಕ್ಲೈಂಟ್ ಕೆಲಸ ಮಾಡುವುದು ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ, ಒಂದು ಮಾಡ್ಯೂಲ್ ಆಗಿ. ಕರ್ನಲ್ ಇರುವುದು ಜಿಪಿಎಲ್ ಎರಡನೆಯ ಆವೃತ್ತಿಯಲ್ಲಿ. ಅದರ ಒಳಗಿನ ಹಲವು ಫಂಕ್ಷನ್‌ಗಳನ್ನು ಜಿಪಿಎಲ್ ಮಾಡ್ಯೂಲ್‌ಗಳು ಮಾತ್ರ ಕರೆಯಬಹುದೆಂದು ಕರ್ನಲ್ ಬರೆದವರೇ ಗುರುತು ಹಾಕಿದ್ದಾರೆ. ಮಾಡ್ಯೂಲ್ ತನ್ನ ಲೈಸೆನ್ಸ್ ಏನೆಂದು ಘೋಷಿಸಬೇಕು. ಬೇರೆ ಲೈಸೆನ್ಸ್ ಎಂದರೆ ಆ ಫಂಕ್ಷನ್‌ಗಳು ಅದಕ್ಕೆ ದಕ್ಕುವುದಿಲ್ಲ. ಹಾಗಾಗಿ ಕರ್ನಲ್ ಒಳಗೆ ದುಡಿಯುವ ಕ್ಲೈಂಟಿಗೆ ಜಿಪಿಎಲ್ ಸಹಜ ಆಯ್ಕೆ. ಸರ್ವರುಗಳು ಕರ್ನಲ್ ಹೊರಗೆ ಸಾಮಾನ್ಯ ಪ್ರೋಗ್ರಾಂಗಳಂತೆ ಓಡುತ್ತವೆ, ಅವುಗಳಿಗೆ ಆ ಒತ್ತಡ ಇಲ್ಲ.

ಇದೇ ಒತ್ತಡದ ಇನ್ನೊಂದು ಮುಖ ಆಂಡ್ರೂ ಫೈಲ್ ಸಿಸ್ಟಂನ ಚರಿತ್ರೆಯಲ್ಲಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ ಅದನ್ನು ಐಬಿಎಂ 2000ದಲ್ಲಿ ಓಪನ್‌ಎಎಫ್‌ಎಸ್ ಆಗಿ ಬಿಡುಗಡೆ ಮಾಡಿತು. ಅದಕ್ಕೆ ಕೊಟ್ಟ ಐಬಿಎಂ ಪಬ್ಲಿಕ್ ಲೈಸೆನ್ಸ್ ಓಪನ್ ಸೋರ್ಸ್ ವ್ಯಾಖ್ಯೆಗೆ ಒಪ್ಪುವಂಥದ್ದೇ. ಆದರೆ ಜಿಪಿಎಲ್ ಜೊತೆ ಅದಕ್ಕೆ ಹೊಂದಿಕೆಯಿಲ್ಲ. ಪರಿಣಾಮವಾಗಿ ಆ ಕೋಡ್ ಲಿನಕ್ಸ್ ಕರ್ನಲ್ ಒಳಗೆ ಸೇರಲಾಗಲಿಲ್ಲ. ಕರ್ನಲ್‌ಗೆ ಬೇಕಾದ ಕ್ಲೈಂಟನ್ನು ಬೇರೆಯಾಗಿ, ಮೊದಲಿನಿಂದ ಬರೆಯಬೇಕಾಯಿತು. ಎರಡೂ ಮುಕ್ತ ಲೈಸೆನ್ಸ್‌ಗಳೇ ಆದರೂ ಜೊತೆಗೂಡದಿದ್ದರೆ ಎಷ್ಟು ದುಡಿಮೆ ಎರಡೆರಡು ಬಾರಿ ಆಗಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬೀಜಿಎಫ್‌ಎಸ್‌ಗೆ ಮರಳೋಣ. ಬಳಕೆದಾರನಿಗೆ ಹೆಚ್ಚು ತಟ್ಟುವುದು ಇನ್ನೊಂದು ಗೆರೆ. ಮೂಲ ತಂತ್ರಾಂಶವನ್ನು ಹಣ ಕೊಡದೆ ಬಳಸಬಹುದು. ಆದರೆ ಸರ್ವರುಗಳನ್ನು ಜೋಡಿ ಮಾಡಿ ಒಂದರ ಪ್ರತಿಯನ್ನು ಇನ್ನೊಂದರಲ್ಲಿ ಇಡುವ ಮಿರರಿಂಗ್, ಬಳಕೆದಾರರಿಗೆ ಜಾಗದ ಮಿತಿ ಹಾಕುವ ಕೋಟಾ, ಯಾರು ಏನು ನೋಡಬಹುದೆಂದು ನಿಗದಿ ಮಾಡುವ ಅನುಮತಿ ಪಟ್ಟಿ, ಇವು ಎಂಟರ್‌ಪ್ರೈಸ್ ಸೌಲಭ್ಯಗಳು. ಅವುಗಳಿಗೆ ಸಪೋರ್ಟ್ ಒಪ್ಪಂದ ಬೇಕು. ಹಿಂದೆ ಇದು ಕರಾರಿನ ಕಾಗದದಲ್ಲಿದ್ದ ನಿಯಮ. ಇತ್ತೀಚಿನ ಆವೃತ್ತಿಗಳಲ್ಲಿ ಮ್ಯಾನೇಜ್‌ಮೆಂಟ್ ಸರ್ವರ್ ಲೈಸೆನ್ಸ್ ಪ್ರಮಾಣಪತ್ರದ ಫೈಲನ್ನು ತಾನೇ ಪರೀಕ್ಷಿಸುತ್ತದೆ.

ಮಿರರಿಂಗ್ ಇಲ್ಲದಿದ್ದರೆ ಏನಾಗುತ್ತದೆ ಎಂದು ನ್ಯಾಯವಾಗಿ ಹೇಳಬೇಕು. ಪ್ರತಿ ಸರ್ವರಿನೊಳಗೆ ಡಿಸ್ಕುಗಳಿಗೆ ಸಾಮಾನ್ಯವಾಗಿ ರೇಡ್ ಎಂಬ ರಕ್ಷಣೆ ಇರುತ್ತದೆ, ಒಂದು ಡಿಸ್ಕು ಹೋದರೆ ಡೇಟಾ ಹೋಗುವುದಿಲ್ಲ. ಆದರೆ ಇಡೀ ಸರ್ವರ್ ನಿಂತರೆ, ಅದರಲ್ಲಿ ತುಂಡು ಇರುವ ಪ್ರತಿ ಫೈಲೂ ಅದು ಮರಳಿ ಏಳುವವರೆಗೆ ಅರ್ಧಂಬರ್ಧ. ಒಂದು ತಿಂಗಳ ಲೆಕ್ಕಾಚಾರದ ತಾತ್ಕಾಲಿಕ ಫಲಿತಾಂಶ ಇಡಲು ಇದು ಸಹಿಸಬಹುದಾದ ಅಪಾಯ, ಏಕೆಂದರೆ ಲೆಕ್ಕ ಮತ್ತೆ ಮಾಡಬಹುದು. ಜಗತ್ತಿನಲ್ಲಿ ಒಂದೇ ಪ್ರತಿ ಉಳಿದಿರುವ ದಾಖಲೆಯ ಚಿತ್ರಕ್ಕೆ ಇದು ಸಹಿಸಲಾಗದ ಅಪಾಯ. ತಂತ್ರಾಂಶ ಒಂದೇ, ಲೈಸೆನ್ಸ್ ಒಂದೇ. ಬಳಕೆ ಬದಲಾದರೆ ತೀರ್ಮಾನವೂ ಬದಲಾಗಬೇಕು.

ನಡುರಾತ್ರಿಯ ಕೆಲಸ: ಮೂಸ್‌ಎಫ್‌ಎಸ್

ಪೋಲೆಂಡಿನಲ್ಲಿ ರೂಪುಗೊಂಡು 2008ರಲ್ಲಿ ಮುಕ್ತವಾದ ಮೂಸ್‌ಎಫ್‌ಎಸ್ ಗೆರೆಯನ್ನು ಬೇರೆ ಜಾಗದಲ್ಲಿ ಎಳೆದಿದೆ. ಅದರ ಸಮುದಾಯ ಆವೃತ್ತಿ ಜಿಪಿಎಲ್ ಅಡಿಯಲ್ಲಿದೆ. ಫೈಲುಗಳನ್ನು ಗರಿಷ್ಠ 64 ಮೆಬಿಬೈಟ್‌ನ ತುಂಡುಗಳಾಗಿ ಮಾಡಿ ಹಲವು ಸರ್ವರುಗಳಲ್ಲಿ ಪ್ರತಿ ಇಡುವ ಸೌಲಭ್ಯ ಅದರಲ್ಲೇ ಇದೆ. ಎರಡು ಪ್ರತಿ ಬೇಕೋ ಮೂರು ಬೇಕೋ, ಫೋಲ್ಡರಿಗೊಂದರಂತೆ ಹೇಳಬಹುದು. ಇದು ದೊಡ್ಡ ಔದಾರ್ಯವೇ. ಆದರೆ ಎಲ್ಲ ತುಂಡುಗಳ ವಿಳಾಸ ಬಲ್ಲ ಮಾಸ್ಟರ್ ಸರ್ವರ್ ಒಂದೇ. ಅದು ಇಡೀ ಮೆಟಾಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಂಡು ದುಡಿಯುತ್ತದೆ. ಅದು ಬಿದ್ದಾಗ ಇನ್ನೊಂದು ತಾನಾಗಿ ಎದ್ದು ಕೆಲಸ ವಹಿಸಿಕೊಳ್ಳುವ ವ್ಯವಸ್ಥೆ ಇರುವುದು ಹಣ ಕೊಟ್ಟು ಪಡೆಯುವ ಪ್ರೊ ಆವೃತ್ತಿಯಲ್ಲಿ.

ಸಮುದಾಯ ಆವೃತ್ತಿಯಲ್ಲಿ ಆ ಹೊತ್ತು ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ರಾತ್ರಿ ಎರಡು ಗಂಟೆ. ಮಾಸ್ಟರ್ ಸರ್ವರಿನ ಮದರ್‌ಬೋರ್ಡ್ ಕೆಟ್ಟಿದೆ. ಸ್ಟೋರೇಜ್ ಸರ್ವರುಗಳೆಲ್ಲ ಆರೋಗ್ಯವಾಗಿವೆ, ಡೇಟಾದ ಮೂರು ಮೂರು ಪ್ರತಿಗಳು ಭದ್ರವಾಗಿವೆ. ಆದರೆ ಯಾವ ತುಂಡು ಯಾವ ಫೈಲಿನದು ಎಂದು ಹೇಳುವವರಿಲ್ಲ. ಎಲ್ಲ ಬಳಕೆದಾರರ ಪರದೆಯೂ ನಿಂತಲ್ಲೇ ನಿಂತಿದೆ. ಅದೃಷ್ಟಕ್ಕೆ ಪಕ್ಕದಲ್ಲಿ ಮೆಟಾಲಾಗರ್ ಎಂಬ ಯಂತ್ರವಿದೆ. ಅದು ಮೆಟಾಡೇಟಾದ ಪ್ರತಿಯನ್ನು ಆಗಾಗ ಇಳಿಸಿಕೊಂಡು, ಆಮೇಲಿನ ಬದಲಾವಣೆಗಳ ಪಟ್ಟಿಯನ್ನು ಬಿಡದೆ ಬರೆದುಕೊಂಡಿರುತ್ತದೆ. ಸಿಸ್ಟಂ ಅಡ್ಮಿನ್ ಎದ್ದು ಬರಬೇಕು. ಆ ಫೈಲುಗಳನ್ನು ಹೊಸ ಯಂತ್ರಕ್ಕೆ ತರಬೇಕು, ಬದಲಾವಣೆಗಳ ಪಟ್ಟಿಯನ್ನು ಹಳೆಯ ಪ್ರತಿಯ ಮೇಲೆ ಸೇರಿಸಿ ಮಾಸ್ಟರನ್ನು ಎಬ್ಬಿಸುವ ಆದೇಶ ಕೊಡಬೇಕು, ಹಳೆಯ ವಿಳಾಸವನ್ನು ಹೊಸ ಯಂತ್ರಕ್ಕೆ ತಿರುಗಿಸಬೇಕು. ಗೊತ್ತಿರುವವರು ಇದ್ದರೆ ಇದು ಆಗುವ ಕೆಲಸ. ಮೆಟಾಲಾಗರ್ ಹಾಕಿರದಿದ್ದರೆ, ಅಥವಾ ಅದು ನಿಂತುಹೋಗಿದ್ದನ್ನು ಯಾರೂ ಗಮನಿಸಿರದಿದ್ದರೆ, ಮಾಸ್ಟರಿನ ಡಿಸ್ಕೂ ಕೈಕೊಟ್ಟಿದ್ದಲ್ಲಿ ಮೂರು ಪ್ರತಿಗಳೂ ಹೆಸರಿಲ್ಲದ ತುಂಡುಗಳಾಗಿ ಉಳಿಯುತ್ತವೆ.

ಅಂದರೆ ಈ ಗೆರೆಯ ಬೆಲೆಯನ್ನು ಹಣದಲ್ಲಿ ಕೊಡಬಹುದು, ಇಲ್ಲವೇ ಎಚ್ಚರದಲ್ಲಿ, ನುರಿತ ಜನರಲ್ಲಿ ಕೊಡಬಹುದು. ಎರಡರಲ್ಲಿ ಒಂದನ್ನು ಕೊಡಲೇಬೇಕು. ಎರಡನ್ನೂ ಉಳಿಸಲು ಹೋದ ಸಂಸ್ಥೆ ಡೇಟಾವನ್ನು ಪಣಕ್ಕಿಟ್ಟಂತೆ. ನಮ್ಮ ಸಣ್ಣ ಸಂಸ್ಥೆಗಳಲ್ಲಿ ಉಚಿತ ಎಂದು ತಂತ್ರಾಂಶ ತಂದು, ಅದನ್ನು ಬಲ್ಲ ಒಬ್ಬನೇ ಒಬ್ಬ ಗುತ್ತಿಗೆ ನೌಕರನ ಮೇಲೆ ಎಲ್ಲವನ್ನೂ ಬಿಟ್ಟು, ಅವನು ಹೋದ ಮೇಲೆ ಕೈಕೈ ಹಿಸುಕಿಕೊಳ್ಳುವುದು ಅಪರೂಪವಲ್ಲ. ಇದು ಲೈಸೆನ್ಸಿನ ದೋಷವಲ್ಲ. ಲೈಸೆನ್ಸ್ ನಮ್ಮ ಪಾಲಿಗೆ ಬಿಟ್ಟ ಹೊಣೆಯನ್ನು ಓದದೆ ಹೋದ ದೋಷ.

ಮೂಸ್‌ಎಫ್‌ಎಸ್ ಕಥೆಗೆ ಇನ್ನೊಂದು ಕವಲಿದೆ. ಮುಕ್ತ ಲೈಸೆನ್ಸಿನ ಬಲದಿಂದಲೇ 2013ರಲ್ಲಿ ಅದರಿಂದ ಲಿಜಾರ್ಡ್‌ಎಫ್‌ಎಸ್ ಕವಲೊಡೆಯಿತು. ಅದರ ಬೆಳವಣಿಗೆ ಕುಂಠಿತವಾದಾಗ ಅದರಿಂದ ಸೌನಾಎಫ್‌ಎಸ್ ಕವಲೊಡೆಯಿತು. ಯಾರ ಅನುಮತಿಯನ್ನೂ ಕೇಳಬೇಕಾಗಲಿಲ್ಲ. ಮುಕ್ತ ಭಾಗ ಎಷ್ಟೇ ಚಿಕ್ಕದಿರಲಿ, ಅದನ್ನು ಎತ್ತಿಕೊಂಡು ನಡೆಯುವ ಹಕ್ಕು ಯಾರಿಂದಲೂ ಕಸಿಯಲಾಗದ್ದು. ಪ್ರೊ ಆವೃತ್ತಿಯ ಭಾಗಕ್ಕೆ ಈ ಹಕ್ಕಿಲ್ಲ.

ಬೆಂಗಳೂರಿನಿಂದ ಹೊರಟ ಎರಡು ದಾರಿ

ಈ ಚರ್ಚೆ ನಮ್ಮ ಊರಿಗೆ ದೂರದ್ದೇನೂ ಅಲ್ಲ. ಗ್ಲಸ್ಟರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನ ಬಹುಪಾಲು ಎಂಜಿನಿಯರಿಂಗ್ ನಡೆದದ್ದು ಬೆಂಗಳೂರಿನಲ್ಲಿ. ಆನಂದ್ ಬಾಬು ಪೆರಿಯಸಾಮಿ ಅವರ ನಾಯಕತ್ವದಲ್ಲಿ ಬೆಳೆದ ಗ್ಲಸ್ಟರ್ ಕಂಪನಿಯನ್ನು 2011ರಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಗ್ಲಸ್ಟರ್ ಮುಕ್ತವಾಗಿಯೇ ಉಳಿಯಿತು. ಅದರ ವಿನ್ಯಾಸದಲ್ಲಿ ಪ್ರತ್ಯೇಕ ಮೆಟಾಡೇಟಾ ಸರ್ವರ್ ಇಲ್ಲ. ಫೈಲಿನ ಹೆಸರಿನಿಂದಲೇ ಲೆಕ್ಕ ಹಾಕಿ ಅದು ಯಾವ ಸರ್ವರಿನಲ್ಲಿದೆ ಎಂದು ಕಂಡುಕೊಳ್ಳುತ್ತದೆ. ತುಂಡರಿಸದ ಸಾದಾ ಪ್ರತಿ ವಿಧಾನದಲ್ಲಿ ನೀವು ಸರ್ವರಿನ ಡಿಸ್ಕನ್ನು ತೆರೆದರೆ ನಿಮ್ಮ ಫೈಲುಗಳು ನಿಮ್ಮ ಹೆಸರಿನಲ್ಲೇ, ಸಾಮಾನ್ಯ ಫೈಲುಗಳಾಗಿಯೇ ಕಾಣುತ್ತವೆ. ಗ್ಲಸ್ಟರ್ ಇಲ್ಲದಿದ್ದರೂ ಅವನ್ನು ಓದಬಹುದು.

ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಕೊಡುತ್ತಿದ್ದ ಬೆಂಬಲವನ್ನು 2024ರ ಕೊನೆಗೆ ಮುಗಿಸಿತು. ಸಂಸ್ಥೆಗಳಿಗೆ ಇದರಿಂದ ತೊಂದರೆಯಾಯಿತು ನಿಜ. ಆದರೆ ಕೋಡ್ ಜಿಪಿಎಲ್ ಮತ್ತು ಅದರ ಸಡಿಲ ರೂಪವಾದ ಎಲ್‌ಜಿಪಿಎಲ್ ಅಡಿಯಲ್ಲಿ ಉಳಿದಿದೆ, ಅದರ ಮೇಲೆ ಬೆಂಗಳೂರಿನವರೇ ಕಟ್ಟಿದ ಕಡಲು ಎಂಬ ಯೋಜನೆಯೂ ಇದೆ. ಡೇಟಾ ಯಾರದೋ ಕರಾರಿನೊಳಗೆ ಸಿಕ್ಕಿಕೊಳ್ಳಲಿಲ್ಲ.

ಅದೇ ಪೆರಿಯಸಾಮಿ ಅವರೂ ಸಂಗಡಿಗರೂ 2014ರಲ್ಲಿ ಮಿನ್‌ಐಒ ಆರಂಭಿಸಿದರು. ಅದು ಫೈಲ್ ಸಿಸ್ಟಂಗೆ ಹತ್ತಿರದ ಸಂಬಂಧಿಯಾದ ಆಬ್ಜೆಕ್ಟ್ ಸ್ಟೋರೇಜ್. ಮೊದಲು ಅಪಾಚೆ ಲೈಸೆನ್ಸ್. ಬೇರೆ ಕಂಪನಿಗಳು ಅದನ್ನು ತಮ್ಮ ಉತ್ಪನ್ನದೊಳಗೆ ಸೇರಿಸಿಕೊಳ್ಳಲು ಅಡ್ಡಿ ಇರಲಿಲ್ಲ. 2021ರಲ್ಲಿ ಅದು ಎಜಿಪಿಎಲ್‌ಗೆ ಬದಲಾಯಿತು, ಆ ಷರತ್ತು ಒಲ್ಲದವರಿಗೆ ವಾಣಿಜ್ಯ ಲೈಸೆನ್ಸ್. 2025ರ ಮಧ್ಯದಲ್ಲಿ ಸಮುದಾಯ ಆವೃತ್ತಿಯ ವೆಬ್ ಪರದೆಯಿಂದ ಆಡಳಿತದ ಸೌಲಭ್ಯಗಳನ್ನು ತೆಗೆದರು. ಅಕ್ಟೋಬರಿನಲ್ಲಿ ಸಿದ್ಧ ಇನ್‌ಸ್ಟಾಲ್ ಪ್ಯಾಕೇಜುಗಳನ್ನು ಕೊಡುವುದು ನಿಂತು ಸೋರ್ಸ್ ಮಾತ್ರ ಉಳಿಯಿತು. ಡಿಸೆಂಬರಿನಲ್ಲಿ ಸಮುದಾಯ ಆವೃತ್ತಿ ನಿರ್ವಹಣೆಯ ಹಂತಕ್ಕೆ ಇಳಿಯಿತು ಎಂಬ ಪ್ರಕಟಣೆ ಬಂತು.

ಗಮನಿಸಿ, 2025ರ ಈ ಹೆಜ್ಜೆಗಳಲ್ಲಿ ಲೈಸೆನ್ಸಿನ ಒಂದಕ್ಷರವೂ ಬದಲಾಗಲಿಲ್ಲ. ಎಜಿಪಿಎಲ್ ಹಾಗೇ ಇತ್ತು. ಮುಕ್ತ ಎಂಬ ಹಣೆಪಟ್ಟಿ ಹಾಗೇ ಇದ್ದು ಬಳಕೆಯ ಸೌಕರ್ಯ ಕುಗ್ಗಬಹುದು. ಲೈಸೆನ್ಸ್ ನಮಗೆ ಹಕ್ಕು ಕೊಡುತ್ತದೆ, ನಿರಂತರ ಸೇವೆಯ ಭರವಸೆ ಕೊಡುವುದಿಲ್ಲ. ಆದರೂ ಆ ಹಕ್ಕಿನ ಬೆಲೆ ಕಡಿಮೆ ಎಂದು ತಿಳಿಯಬೇಡಿ. ಇವತ್ತಿನವರೆಗಿನ ಕೋಡನ್ನು ಹಿಡಿದು ಬೇರೆಯವರು ಮುಂದುವರಿಸಲು ಆ ಹಕ್ಕೇ ಆಧಾರ.

ವಿರುದ್ಧ ದಿಕ್ಕಿಗೆ ನಡೆದವರೂ ಇದ್ದಾರೆ. ಚೀನಾದಲ್ಲಿ ಹುಟ್ಟಿದ ಜ್ಯೂಸ್‌ಎಫ್‌ಎಸ್ 2021ರಲ್ಲಿ ಎಜಿಪಿಎಲ್ ಅಡಿಯಲ್ಲಿ ಮುಕ್ತವಾಗಿ, 2022ರಲ್ಲಿ ಇನ್ನೂ ಸಡಿಲವಾದ ಅಪಾಚೆಗೆ ಬದಲಾಯಿತು. ಅದರ ಎಂಟರ್‌ಪ್ರೈಸ್ ಆವೃತ್ತಿಯ ಮೆಟಾಡೇಟಾ ಎಂಜಿನ್ ಮಾತ್ರ ಖಾಸಗಿ. ಮುಕ್ತ ಆವೃತ್ತಿಯಲ್ಲಿ ರೆಡಿಸ್, ಮೈಎಸ್‌ಕ್ಯೂಎಲ್‌ನಂಥ ಪರಿಚಿತ ಡೇಟಾಬೇಸುಗಳಲ್ಲಿ ಮೆಟಾಡೇಟಾ ಇಡಬಹುದು, ಅದನ್ನು ಪೂರ್ತಿ ಹೊರತೆಗೆದು ಪಠ್ಯ ಫೈಲಾಗಿ ಇಟ್ಟುಕೊಳ್ಳಬಹುದು.

ಹಕ್ಕುಸ್ವಾಮ್ಯ ಯಾರ ಕೈಯಲ್ಲಿ?

ಕಂಪನಿಯೊಂದು ಲೈಸೆನ್ಸನ್ನು ಬದಲಾಯಿಸಲು ಹೇಗೆ ಸಾಧ್ಯ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಬರೆದ ಕೋಡಿನ ಹಕ್ಕು, ಅಥವಾ ಅದನ್ನು ಬೇಕಾದ ಲೈಸೆನ್ಸಿನಲ್ಲಿ ಮತ್ತೆ ಕೊಡುವ ಅಧಿಕಾರ ಒಂದೇ ಕೈಯಲ್ಲಿದ್ದರೆ ಮುಂದಿನ ಆವೃತ್ತಿಯನ್ನು ಅವರು ಹೇಗೆ ಬೇಕಾದರೂ ಬಿಡುಗಡೆ ಮಾಡಬಹುದು. ಹಳೆಯ ಆವೃತ್ತಿಗೆ ಕೊಟ್ಟ ಅನುಮತಿ ಮಾತ್ರ ಹಾಗೇ ಉಳಿಯುತ್ತದೆ.

ಡೇಟಾ ಹಂಚಿಡುವ ಇನ್ನೊಂದು ತಂತ್ರಾಂಶವಾದ ಸೆಫ್ ಈ ಬಾಗಿಲನ್ನು ಬೇಕೆಂದೇ ಮುಚ್ಚಿತು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಸೇಜ್ ವೈಲ್ ಅವರ ಪಿಎಚ್‌ಡಿ ಸಂಶೋಧನೆಯಾಗಿ ಬೆಳೆದ ಅದರ ಲೈಸೆನ್ಸ್ ಎಲ್‌ಜಿಪಿಎಲ್. ಕೋಡ್ ಕೊಟ್ಟವರು ತಮ್ಮ ಹಕ್ಕನ್ನು ಯಾರಿಗೂ ಬರೆದುಕೊಡಬೇಕಿಲ್ಲ, ಅದು ಅವರವರ ಬಳಿಯೇ ಇರುತ್ತದೆ. ಇಷ್ಟು ಜನರ ಹಕ್ಕು ಚದುರಿರುವಾಗ ಯಾವ ಒಂದು ಕಂಪನಿಯೂ ಅದನ್ನು ಖಾಸಗಿ ಮಾಡಲಾರದು. ಸೆಫ್ ಸುತ್ತ ಕಟ್ಟಿದ ಇಂಕ್‌ಟ್ಯಾಂಕ್ ಕಂಪನಿ ಕಲಮಾರಿ ಎಂಬ ನಿರ್ವಹಣಾ ಪರದೆಯನ್ನು ಖಾಸಗಿಯಾಗಿ ಇಟ್ಟುಕೊಂಡಿತ್ತು. 2014ರಲ್ಲಿ ರೆಡ್ ಹ್ಯಾಟ್ ಸುಮಾರು 17.5 ಕೋಟಿ ಡಾಲರಿಗೆ ಆ ಕಂಪನಿಯನ್ನು ಕೊಂಡು ಕಲಮಾರಿಯನ್ನೂ ಮುಕ್ತಗೊಳಿಸಿತು. ಭಾಗಶಃ ಮುಕ್ತವಾದದ್ದು ಪೂರ್ತಿ ಮುಕ್ತವಾಗುವುದೂ ಸಾಧ್ಯ ಎಂಬುದನ್ನು ಮರೆಯಬಾರದು.

ಲಸ್ಟರ್ ಇನ್ನೂ ದೊಡ್ಡ ಪಾಠ. 1999ರಲ್ಲಿ ಪೀಟರ್ ಬ್ರಾಮ್ ಆರಂಭಿಸಿದ ಈ ಫೈಲ್ ಸಿಸ್ಟಂ 2007ರಲ್ಲಿ ಸನ್ ಕಂಪನಿಗೆ, 2010ರಲ್ಲಿ ಸನ್ ಜೊತೆಗೇ ಒರಾಕಲ್‌ಗೆ ಹೋಯಿತು. ಅದೇ ವರ್ಷದ ಕೊನೆಗೆ ಒರಾಕಲ್ ಅದರ ಮುಂದಿನ ಅಭಿವೃದ್ಧಿಯಿಂದ ಹಿಂದೆ ಸರಿಯಿತು. ಜಗತ್ತಿನ ದೊಡ್ಡ ಸೂಪರ್ ಕಂಪ್ಯೂಟರುಗಳು ಅದರ ಮೇಲೆ ನಿಂತಿದ್ದವು. ಜಿಪಿಎಲ್ ಇದ್ದುದರಿಂದ ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳೂ ಕಂಪನಿಗಳೂ ಸೇರಿ ಓಪನ್‌ಎಸ್‌ಎಫ್‌ಎಸ್ ಎಂಬ ಒಕ್ಕೂಟ ಕಟ್ಟಿದವು, ವಾಮ್‌ಕ್ಲೌಡ್ ಎಂಬ ಹೊಸ ಕಂಪನಿ ಎದ್ದಿತು, ಕೆಲಸ ನಿಲ್ಲಲಿಲ್ಲ. ಓಕ್ ರಿಜ್ ಪ್ರಯೋಗಾಲಯದ ಫ್ರಾಂಟಿಯರ್ ಯಂತ್ರದ ಸಂಗ್ರಹವೂ ಲಸ್ಟರ್ ಮೇಲೆಯೇ ಕಟ್ಟಿದ್ದು. ಲಸ್ಟರ್ ಎಂಬ ಹೆಸರಿನ ಟ್ರೇಡ್‌ಮಾರ್ಕ್ ಮಾತ್ರ ಕಂಪನಿಯಿಂದ ಕಂಪನಿಗೆ ಅಲೆದು 2019ರಲ್ಲಿ ಅಮೆರಿಕ ಮತ್ತು ಯೂರೋಪಿನ ಬಳಕೆದಾರ ಒಕ್ಕೂಟಗಳ ಕೈ ಸೇರಿತು. ಕೋಡ್ ಮುಕ್ತವಾಗಿದ್ದೂ ಹೆಸರು ಒಬ್ಬರ ಸೊತ್ತಾಗಿರಬಹುದು. ಅದೂ ಒಂದು ನಿರ್ಬಂಧವೇ.

ಕಟ್ಟುವವರ ಪಕ್ಷ

ಇಷ್ಟು ಹೇಳಿದ ಮೇಲೆ ತಯಾರಕರನ್ನು ಆಸೆಬುರುಕರೆಂದು ಬಗೆಯುವುದು ಅನ್ಯಾಯ. ಫೈಲ್ ಸಿಸ್ಟಂ ಬರೆಯುವುದು ತಂತ್ರಾಂಶದಲ್ಲಿ ಅತಿ ಕಷ್ಟದ ಕೆಲಸಗಳಲ್ಲಿ ಒಂದು. ಒಂದು ದೋಷ ಇದ್ದರೆ ಬಳಕೆದಾರನ ಡೇಟಾ ಸದ್ದಿಲ್ಲದೆ ಕೆಡುತ್ತದೆ. ಅದನ್ನು ವರ್ಷಗಟ್ಟಲೆ ಪರೀಕ್ಷಿಸುವ, ಹೊಸ ಕರ್ನಲ್ ಬಂದಾಗಲೆಲ್ಲ ತಿದ್ದುವ ಎಂಜಿನಿಯರುಗಳಿಗೆ ಸಂಬಳ ಬೇಕು. ದೊಡ್ಡ ಕ್ಲೌಡ್ ಕಂಪನಿಗಳು ಮುಕ್ತ ಕೋಡನ್ನು ಎತ್ತಿಕೊಂಡು ಸೇವೆಯಾಗಿ ಮಾರುತ್ತಾ, ಬರೆದವರಿಗೆ ಏನೂ ಕೊಡದಿದ್ದಾಗ ಲೈಸೆನ್ಸ್ ಬಿಗಿಯಾಗುವುದು ಆಶ್ಚರ್ಯವಲ್ಲ. ಹಾಗಾಗಿ ಮುಕ್ತವೆನ್ನುತ್ತಾ ಹಣ ಕೊಡಲು ಹಿಂಜರಿಯುವ ಸಂಸ್ಥೆಗಳೂ ಈ ಬಿಗಿಗೆ ಕಾರಣ. ಮುಕ್ತ ತಂತ್ರಾಂಶಕ್ಕೆ ಸಪೋರ್ಟ್ ಒಪ್ಪಂದ ಮಾಡಿಕೊಂಡು ಹಣ ಕೊಡುವುದು ದಾನವಲ್ಲ, ನಮ್ಮ ಡೇಟಾದ ವಿಮೆ.

ನಡುದಾರಿಗಳೂ ಇವೆ. ಮಾರಿಯಾಡಿಬಿ ಕಂಪನಿ ರೂಪಿಸಿದ ಬಿಸಿನೆಸ್ ಸೋರ್ಸ್ ಲೈಸೆನ್ಸಿನಲ್ಲಿ ಕೆಲವು ಬಳಕೆಗೆ ನಿರ್ಬಂಧ ಇದ್ದರೂ, ಹೆಚ್ಚೆಂದರೆ ನಾಲ್ಕು ವರ್ಷಕ್ಕೆ ಆ ಆವೃತ್ತಿ ತಾನಾಗಿ ಮುಕ್ತ ಲೈಸೆನ್ಸಿಗೆ ಬದಲಾಗುತ್ತದೆ. ಅದು ಓಪನ್ ಸೋರ್ಸ್ ಅಲ್ಲ, ಆದರೆ ಗೆರೆಗೊಂದು ಗಡುವು ಇದೆ. ಗಡುವು ಇರುವ ನಿರ್ಬಂಧಕ್ಕೂ ಗಡುವೇ ಇಲ್ಲದ ನಿರ್ಬಂಧಕ್ಕೂ ಬಹಳ ಅಂತರ.

ಸಾರ್ವಜನಿಕ ಸಂಸ್ಥೆಗಳ ಹೊಣೆ

ಭಾರತ ಸರ್ಕಾರ 2015ರಲ್ಲಿ ಓಪನ್ ಸೋರ್ಸ್ ತಂತ್ರಾಂಶ ಅಳವಡಿಕೆಯ ನೀತಿ ಪ್ರಕಟಿಸಿತು. ಸೋರ್ಸ್ ಕೋಡನ್ನು ಅಭ್ಯಾಸ ಮಾಡಲು, ತಿದ್ದಲು, ಮೂಲವನ್ನೋ ತಿದ್ದಿದ್ದನ್ನೋ ಮರುಹಂಚಲು ಅವಕಾಶ ಇರಬೇಕು, ರಾಯಧನ ಇರಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇಷ್ಟು ಒಳ್ಳೆಯ ಅಳತೆಗೋಲು ಕೈಯಲ್ಲಿದ್ದೂ ಟೆಂಡರ್ ಕಾಗದಗಳಲ್ಲಿ ಓಪನ್ ಸೋರ್ಸ್ ಎಂಬ ಕಾಲಮ್ಮಿಗೆ ಹೌದು ಎಂದು ಬರೆದರೆ ಸಾಕೆಂಬ ಅಭ್ಯಾಸ ನಮ್ಮಲ್ಲಿದೆ. ಭಾಗಶಃ ಮುಕ್ತ ತಂತ್ರಾಂಶಕ್ಕೆ ಆ ಒಂದು ಪದದ ಉತ್ತರ ಯಾವತ್ತೂ ಸಾಲದು. ಆ ಕಾಲಮ್ಮಿನ ಜಾಗದಲ್ಲಿ ಮೂರು ಪ್ರಶ್ನೆ ಇಡಿ ಎಂದು ನನ್ನ ಕೋರಿಕೆ.

ಮೊದಲನೆಯದು: ಒಂದು ಸರ್ವರ್ ಸತ್ತರೆ ಡೇಟಾ ಉಳಿಯಲು ಬೇಕಾದ ಪ್ರತಿಯ ವ್ಯವಸ್ಥೆ, ಮೆಟಾಡೇಟಾದ ಬದಲಿ ವ್ಯವಸ್ಥೆ, ಅನುಮತಿ ಪಟ್ಟಿ, ಇವು ಗೆರೆಯ ಯಾವ ಕಡೆ ಇವೆ? ಹಣ ಕೊಡುವ ಕಡೆ ಇದ್ದರೆ ಆ ಹಣ ಪ್ರತಿ ವರ್ಷದ ಬಜೆಟ್ಟಿನಲ್ಲಿ ಇರಲಿ. ಒಪ್ಪಂದ ಮುಗಿದ ಮರುದಿನ ಆ ಸೌಲಭ್ಯದ ಗತಿ ಏನೆಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಎರಡನೆಯದು: ಹಕ್ಕುಸ್ವಾಮ್ಯ ಒಬ್ಬರದೋ, ಹಲವರದೋ? ಒಬ್ಬರದಾದರೆ ನಾಳೆಯ ಆವೃತ್ತಿಯ ಷರತ್ತು ಬೇರೆಯಾಗಬಹುದು ಎಂದು ಒಪ್ಪಿಕೊಂಡೇ ಮುಂದುವರಿಯಿರಿ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು: ತಯಾರಕರ ಸಹಾಯವಿಲ್ಲದೆ ನಮ್ಮ ಡೇಟಾವನ್ನು ಹೊರತರಬಹುದೇ? ಬೇರೆ ತಂತ್ರಾಂಶ ಹಿಡಿಸದಿದ್ದರೆ ತೆಗೆದುಹಾಕಿ ಇನ್ನೊಂದು ಹಾಕಬಹುದು. ಫೈಲ್ ಸಿಸ್ಟಂ ಹಾಗಲ್ಲ. ನೂರಾರು ಟೆರಾಬೈಟ್ ಒಳಗೆ ಹೋದ ಮೇಲೆ ಅದನ್ನು ಬೇರೆಡೆಗೆ ಸಾಗಿಸಲು ಅಷ್ಟೇ ಇನ್ನೊಂದು ಸಂಗ್ರಹ ಬೇಕು, ವಾರಗಟ್ಟಲೆ ಸಮಯ ಬೇಕು. ಹೊರಗೆ ಬರುವ ಖರ್ಚು ಒಳಗೆ ಹೋಗುವ ಮೊದಲೇ ಲೆಕ್ಕಕ್ಕೆ ಬರಬೇಕು. ವರ್ಷಕ್ಕೊಮ್ಮೆ ಒಂದು ಸಣ್ಣ ಭಾಗವನ್ನಾದರೂ ಪೂರ್ತಿ ಹೊರತೆಗೆದು ಬೇರೆ ಯಂತ್ರದಲ್ಲಿ ತೆರೆದು ನೋಡುವ ಅಭ್ಯಾಸ ಪ್ರತಿ ಗ್ರಂಥಾಲಯಕ್ಕೆ, ಪ್ರತಿ ಪ್ರಯೋಗಾಲಯಕ್ಕೆ ಇರಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಮುಂದಿನ ವರ್ಷಗಳಲ್ಲಿ ಈ ನಾಡಿನ ದಾಖಲೆಗಳನ್ನು ಕಾಯುವ ಯಂತ್ರಗಳ ಮುಂದೆ ಕೂರುವವರು ನೀವು. ಇನ್‌ಸ್ಟಾಲ್ ಮಾಡುವ ಆದೇಶ ಕಲಿಯುವ ಮೊದಲು ಲೈಸೆನ್ಸ್ ಫೈಲನ್ನು ತೆರೆದು ಕೊನೆಯ ಸಾಲಿನವರೆಗೆ ಓದಿ. ಅದು ವಕೀಲರ ಕೆಲಸ ಎಂದು ಬಿಡಬೇಡಿ. ಯಾವ ಫೋಲ್ಡರಿಗೆ ಯಾವ ಷರತ್ತು ಎಂದು ಕೋಡ್ ಬಲ್ಲ ನಿಮಗೇ ಬೇಗ ತಿಳಿಯುತ್ತದೆ. ತಿಳಿದದ್ದನ್ನು ನಿಮ್ಮ ಮೇಲಧಿಕಾರಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ: ಇದು ನಮ್ಮ ಹಕ್ಕು, ಇದು ನಮ್ಮ ಹೊಣೆ, ಇದಕ್ಕೆ ಇಷ್ಟು ಖರ್ಚು. ಆ ಒಂದು ಪುಟ ಟೆಂಡರಿಗೆ ಮುಂಚೆ ಮೇಜಿನ ಮೇಲಿದ್ದರೆ ಭಾಗಶಃ ಮುಕ್ತ ತಂತ್ರಾಂಶವನ್ನೂ ಧೈರ್ಯವಾಗಿ ಬಳಸಬಹುದು. ಅದಿಲ್ಲದೆ ಪೂರ್ತಿ ಮುಕ್ತವಾದದ್ದನ್ನು ತಂದರೂ ಡೇಟಾಕ್ಕೆ ರಕ್ಷಣೆ ಸಿಗುವುದಿಲ್ಲ.